ಫಿಸಿಕ್ಸ್ ಡಿಗ್ರಿ: ಖರ್ಚೆಷ್ಟು, ಗಿಟ್ಟುವುದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಫಿಸಿಕ್ಸ್ ಓದಬೇಕೆಂದಿರುವವರು, ಅರ್ಧ ಓದಿ ದಿಗಿಲಾದವರು, ಮಕ್ಕಳನ್ನು ಸೇರಿಸಲೋ ಬೇಡವೋ ಎಂದು ಯೋಚಿಸುವ ಅಪ್ಪ ಅಮ್ಮಂದಿರು, ಎಲ್ಲರೂ ಮಾತಿನಲ್ಲೋ ಪತ್ರದಲ್ಲೋ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ನಾನು ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್‌ಡಿಗೆ ಸೇರಿ, ಮೂರನೇ ವರ್ಷದಲ್ಲಿ ಅದನ್ನು ಬಿಟ್ಟು, ಈಗ ಅಳತೆಯ ಉಪಕರಣಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಉತ್ತರಗಳು ಸ್ವಲ್ಪ ಆ ಕಡೆಗೇ ವಾಲಿರುತ್ತವೆ, ನೋಡಿಕೊಂಡು ಓದಿ.

## ಶುರುವಿನ ಪ್ರಶ್ನೆಗಳು

ಸುಮ್ನೆ ಸುತ್ತಿ ಬಳಸಿ ಬೇಡ. ಫಿಸಿಕ್ಸ್ ಓದಿದ್ರೆ ಕೆಲಸ ಸಿಗುತ್ತಾ, ಇಲ್ವಾ?

ಸಿಗುತ್ತದೆ. ಆದರೆ "ಫಿಸಿಸಿಸ್ಟ್ ಬೇಕಾಗಿದ್ದಾರೆ" ಅನ್ನುವ ಜಾಹೀರಾತು ನೋಡಿ ಸಿಗುವುದು ತುಂಬಾ ಕಡಿಮೆ. ನರ್ಸಿಂಗ್ ಓದಿದವರು ನರ್ಸ್ ಆಗುತ್ತಾರೆ, ಲೆಕ್ಕಪತ್ರ ಓದಿದವರು ಲೆಕ್ಕಪತ್ರ ನೋಡುತ್ತಾರೆ, ಫಿಸಿಕ್ಸ್ ಓದಿದವರಿಗೆ ಹಾಗೆ ಒಂದೇ ಬಾಗಿಲಿಲ್ಲ. ಸಾಫ್ಟ್‌ವೇರ್, ಡೇಟಾ, ಚಿಪ್ ತಯಾರಿಕೆ, ಲೇಸರ್, ಆಸ್ಪತ್ರೆಯ ವಿಕಿರಣ ವಿಭಾಗ, ಬ್ಯಾಂಕು, ಪೇಟೆಂಟ್ ಕಚೇರಿ, ಶಾಲೆ ಹೀಗೆ ಹತ್ತು ಕಡೆ ಹಂಚಿ ಹೋಗುತ್ತಾರೆ, ಮತ್ತೆ ಅಲ್ಲಿ ಅವರ ಹುದ್ದೆಯ ಹೆಸರಲ್ಲಿ ಫಿಸಿಕ್ಸ್ ಅನ್ನುವ ಪದವೇ ಇರುವುದಿಲ್ಲ. ಅದಕ್ಕೇ ಹೊರಗಿನವರಿಗೆ "ಫಿಸಿಕ್ಸ್ ಓದಿದವರೆಲ್ಲ ಎಲ್ಲಿ ಹೋದರು" ಅನ್ನಿಸುವುದು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಡಿಗ್ರಿ ಮುಗಿದ ದಿನ ಯಾರೂ ಕೈ ಹಿಡಿದು ಕರೆದುಕೊಂಡು ಹೋಗುವುದಿಲ್ಲ. ಮೊದಲ ಕೆಲಸ ಹುಡುಕುವ ಶ್ರಮ ಎಂಜಿನಿಯರಿಂಗ್‌ನವರಿಗಿಂತ ಜಾಸ್ತಿಯೇ.

ಮೇಷ್ಟ್ರಾಗೋದು ಬಿಟ್ರೆ ಬೇರೆ ಏನಾದ್ರೂ ಇದೆಯಾ?

ಮೇಷ್ಟರ ಕೆಲಸವನ್ನು ಕೈಲಾಗದವರ ಕೊನೆಯ ದಾರಿ ಎಂಬಂತೆ ಕೇಳುವುದು ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಬೇರೆ ಇದೆ. ಐನ್‌ಸ್ಟೈನ್ 1900ರಲ್ಲಿ ಜ್ಯೂರಿಚ್‌ನಲ್ಲಿ ಓದು ಮುಗಿಸಿದಾಗ ವಿಶ್ವವಿದ್ಯಾಲಯದ ಕೆಲಸ ಸಿಗಲಿಲ್ಲ. 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿ ಸೇರಿದರು, 1905ರ ಆ ಪ್ರಸಿದ್ಧ ಪ್ರಬಂಧಗಳು ಬಂದಾಗಲೂ ಅಲ್ಲೇ ಇದ್ದರು. ಪೇಟೆಂಟ್ ಪರೀಕ್ಷಕರ ಕೆಲಸ ಈಗಲೂ ಫಿಸಿಕ್ಸ್ ಓದಿದವರಿಗೆ ಸಿಗುವಂಥದ್ದೇ. ವರ್ಲ್ಡ್ ವೈಡ್ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಫಿಸಿಕ್ಸ್. ಕೆಲಸ ಸಾಫ್ಟ್‌ವೇರ್. 1989ರಲ್ಲಿ ಆ ಯೋಚನೆ ಮುಂದಿಟ್ಟದ್ದು ಜಿನೀವಾ ಬಳಿಯ ಸರ್ನ್ ಎಂಬ ಕಣ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ. ಜರ್ಮನಿಯ ಚಾನ್ಸೆಲರ್ ಆಗಿದ್ದ ಆಂಗೆಲಾ ಮರ್ಕೆಲ್ ಕೂಡ ಫಿಸಿಕ್ಸ್ ಓದಿದವರೇ. ಇಂಥ ದೊಡ್ಡ ಹೆಸರುಗಳನ್ನು ನೋಡಿ ಡಿಗ್ರಿಗೆ ಸೇರಬೇಡಿ, ಬಾಗಿಲುಗಳು ಎಷ್ಟು ಕಡೆ ಇವೆ ಅನ್ನುವುದಕ್ಕೆ ಮಾತ್ರ ಹೇಳಿದೆ.

ನಂಗೆ ಬ್ಲ್ಯಾಕ್ ಹೋಲ್, ಕ್ವಾಂಟಮ್ ಅಂದ್ರೆ ಪ್ರಾಣ. ಅಷ್ಟು ಆಸಕ್ತಿ ಸಾಕಾ?

ದೂರದ ಬೆಟ್ಟ ನುಣ್ಣಗೆ. ಬ್ಲ್ಯಾಕ್ ಹೋಲ್ ಬಗ್ಗೆ ವೀಡಿಯೋ ನೋಡುವುದು ಒಂದು ಸುಖ, ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ಲೆಕ್ಕ ಮಾಡುವುದು ಇನ್ನೊಂದು ಸುಖ, ಮತ್ತೆ ಡಿಗ್ರಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಇರುವುದು ಈ ಎರಡನೆಯದೇ. ಒಂದು ಪರೀಕ್ಷೆ ಮಾಡಿ ನೋಡಿ. ಮೆಕ್ಯಾನಿಕ್ಸ್‌ನ ಒಂದು ಕಷ್ಟದ ಲೆಕ್ಕ ಹಿಡಿದು ಕೂತುಕೊಳ್ಳಿ, ಉತ್ತರ ನೋಡಬೇಡಿ. ಎರಡು ಗಂಟೆ ಆದರೂ ಬಗೆಹರಿಯದಿದ್ದಾಗ ನಿಮಗೆ ಏನನ್ನಿಸುತ್ತದೆ? ಸಿಟ್ಟು ಬಂದು, ಆದರೂ ಊಟದ ಹೊತ್ತಿನಲ್ಲಿ ಅದೇ ತಲೆಯಲ್ಲಿ ಸುತ್ತುತ್ತಿದ್ದರೆ ನೀವು ಸರಿಯಾದ ಜಾಗಕ್ಕೆ ಹೊರಟಿದ್ದೀರಿ. ಬರೀ ಬೇಜಾರಾದರೆ, ವೀಡಿಯೋಗಳನ್ನು ಜೀವನಪೂರ್ತಿ ನೋಡಬಹುದು, ಅದಕ್ಕೆ ಫೀಸಿಲ್ಲ.

## ದುಡ್ಡಿನ ಲೆಕ್ಕ

ಒಟ್ಟು ಖರ್ಚು ಅಂದ್ರೆ ಬರೀ ಫೀಸು ತಾನೇ?

ಇಲ್ಲೇ ಎಲ್ಲರೂ ಎಡವುವುದು. ಒಂದು ಲೆಕ್ಕ ಹಾಕೋಣ. ಡಿಗ್ರಿ ಇಲ್ಲದೆ ಈಗಲೇ ಕೆಲಸಕ್ಕೆ ಸೇರಿದರೆ ವರ್ಷಕ್ಕೆ 100 ಬರುತ್ತದೆ ಅಂದುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಡಿಗ್ರಿಯ ಫೀಸು ವರ್ಷಕ್ಕೆ 40. ಮೂರು ವರ್ಷಕ್ಕೆ ಫೀಸು 120 ಆಯಿತು. ಆದರೆ ಆ ಮೂರು ವರ್ಷ ನೀವು ದುಡಿಯಲಿಲ್ಲ, ಅದು 300. ಅಂದರೆ ನಿಜವಾದ ಖರ್ಚು 420, ಅದರಲ್ಲಿ ಫೀಸು ಮೂರನೇ ಒಂದು ಭಾಗವೂ ಇಲ್ಲ! ಊಟ, ಬಟ್ಟೆ ಸೇರಿಸಬೇಡಿ, ಓದದಿದ್ದರೂ ಅವು ಇದ್ದೇ ಇರುತ್ತವೆ. ಹಾಸ್ಟೆಲ್‌ನಂಥ ಹೆಚ್ಚುವರಿ ಖರ್ಚಿದ್ದರೆ ಅಷ್ಟನ್ನು ಮಾತ್ರ ಸೇರಿಸಿ.

ಈಗ ಇನ್ನೊಂದು ಬದಿ. ಡಿಗ್ರಿ ಆದಮೇಲೆ ಸಂಬಳ 130 ಆದರೆ ವರ್ಷಕ್ಕೆ 30 ಲಾಭ, 420 ತೀರಲು 14 ವರ್ಷ. ಸಂಬಳ 160 ಆದರೆ 7 ವರ್ಷ. ಒಂದೇ ಡಿಗ್ರಿ, ಆದರೆ ಮೊದಲ ಒಂದೆರಡು ಕೆಲಸ ಎಂಥದ್ದು ಸಿಕ್ಕಿತು ಅನ್ನುವುದರ ಮೇಲೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಫೀಸಿನಲ್ಲಿ ಹತ್ತು ಇಪ್ಪತ್ತು ಉಳಿಸಲು ತಿಂಗಳುಗಟ್ಟಲೆ ಓಡಾಡುವವರು ಓದು ಒಂದು ವರ್ಷ ಜಾಸ್ತಿ ಎಳೆದರೆ ಚಿಂತೆ ಮಾಡುವುದಿಲ್ಲ. ಆ ಒಂದು ವರ್ಷಕ್ಕೆ ಈ ಲೆಕ್ಕದಲ್ಲಿ 140 ಹೋಯಿತು.

ಡಿಗ್ರಿ ಮಾಡುವುದಂತೂ ಖಂಡಿತ, ಯಾವುದು ಅನ್ನುವುದಷ್ಟೇ ಪ್ರಶ್ನೆ ಅನ್ನುವವರು ಆ 300ನ್ನು ಮರೆತುಬಿಡಿ, ಅದು ಮೂರು ವರ್ಷದ ಎಲ್ಲ ಡಿಗ್ರಿಗೂ ಸಮ. ವ್ಯತ್ಯಾಸ ಇರುವುದನ್ನು ಮಾತ್ರ ತೂಗಿ.

ಸಾಲ ಮಾಡಿ ಫಿಸಿಕ್ಸ್ ಓದಬಹುದಾ?

ಸಣ್ಣ ಸಾಲಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಸಾಲಕ್ಕೆ ನಾನು ಬೇಡ ಅನ್ನುತ್ತೇನೆ, ಅದಕ್ಕೆ ಕಾರಣ ಫಿಸಿಕ್ಸ್‌ನ ದಾರಿ ಉದ್ದ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಸಾಲ ಎರಡರಷ್ಟಾಗಲು ಸುಮಾರು ಎಷ್ಟು ವರ್ಷ ಬೇಕು ಅನ್ನುವುದು ಸಿಗುತ್ತದೆ. ಶೇಕಡಾ 9 ಬಡ್ಡಿ ಆದರೆ 8 ವರ್ಷ. ಡಿಗ್ರಿ ಮೂರು, ಎಂ.ಎಸ್ಸಿ. ಎರಡು, ಪಿಎಚ್‌ಡಿ ಐದು ಅಂತ ಹತ್ತು ವರ್ಷ ಕಂತು ಕಟ್ಟದೇ ಹೋದರೆ ಶುರುವಿನಲ್ಲಿ ತೆಗೆದ 100ರ ಸಾಲ 237 ಆಗಿ ಕೂತಿರುತ್ತದೆ. ದುಡ್ಡಿಗಿಂತ ಕೆಟ್ಟದ್ದು ಇನ್ನೊಂದಿದೆ. ಸಾಲ ತಲೆ ಮೇಲಿದ್ದವರು ಮೊದಲು ಸಿಕ್ಕ ಕೆಲಸವನ್ನು ಹಿಡಿಯಲೇಬೇಕು, ಹತ್ತು ಬಾಗಿಲು ತಟ್ಟಿ ನೋಡುವಷ್ಟು ಸಮಯ ಅವರಿಗಿಲ್ಲ. ಈ ಡಿಗ್ರಿಯ ಲಾಭ ಇರುವುದೇ ಆ ತಟ್ಟಿ ನೋಡುವುದರಲ್ಲಿ. ನನ್ನ ಮಟ್ಟಿಗೆ ಒಂದು ಗೆರೆ: ಡಿಗ್ರಿ ಮುಗಿದು ಸಿಗಬಹುದಾದ ಸಾಧಾರಣ ಕೆಲಸದ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ ಸಾಲ ಬೇಡ.

ದೊಡ್ಡ ಹೆಸರಿನ ಕಾಲೇಜಿಗೆ ಎರಡರಷ್ಟು ಫೀಸು. ಕೊಡಬಹುದಾ?

ಪಾಠದ ವಿಷಯಕ್ಕೆ ಬಂದರೆ ಎಲ್ಲಿ ಹೋದರೂ ಅದೇ: ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಥರ್ಮೋಡೈನಮಿಕ್ಸ್, ಕ್ವಾಂಟಮ್. ವಿದ್ಯುತ್ಕಾಂತತೆಯ ಮೂಲ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳು ಜಾಸ್ತಿ ಫೀಸು ಕೊಟ್ಟವರಿಗೆ ಬೇರೆ ಥರ ಕಾಣುವುದಿಲ್ಲ. ದುಡ್ಡು ಕೊಟ್ಟದ್ದಕ್ಕೆ ಸಿಗುವುದು ಲ್ಯಾಬಿನ ಉಪಕರಣ, ಸಂಶೋಧನೆ ಮಾಡುತ್ತಿರುವ ಪ್ರೊಫೆಸರ್‌ಗಳ ಒಡನಾಟ, ಮತ್ತು ಅವರು ಮುಂದೆ ಬರೆದು ಕೊಡುವ ಶಿಫಾರಸು ಪತ್ರ. ಪಿಎಚ್‌ಡಿಗೆ ಹೋಗುವವರಿಗೆ ಆ ಪತ್ರದ ಬೆಲೆ ದೊಡ್ಡದು. ಡಿಗ್ರಿ ಆದ ಕೂಡಲೇ ಕೆಲಸಕ್ಕೆ ಹೋಗುವವರಿಗೆ ಅಷ್ಟಿಲ್ಲ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಡಿಗ್ರಿ ಓದುವ ಹುಡುಗರನ್ನು ಲ್ಯಾಬಿನೊಳಗೆ ಬಿಡುತ್ತೀರಾ? ಬಾಗಿಲಿಗೆ ಬೀಗ ಹಾಕಿ ಗಾಜಿನಾಚೆಯಿಂದ ತೋರಿಸುವ ಉಪಕರಣಕ್ಕೆ ನೀವು ಯಾಕೆ ಫೀಸು ಕೊಡಬೇಕು?

ಎಂಜಿನಿಯರಿಂಗ್‌ಗೇ ಸೇರಿಬಿಟ್ಟರೆ ಒಳ್ಳೇದಲ್ವಾ?

ಮೊದಲ ಸಂಬಳ ಬೇಗ ಬರಬೇಕು, ದಾರಿ ಸ್ಪಷ್ಟವಾಗಿರಬೇಕು ಅನ್ನುವವರಿಗೆ ಹೌದು, ಸೇರಿಬಿಡಿ. ಸೇತುವೆಯ ನಕ್ಷೆಗೆ ಸಹಿ ಹಾಕುವಂಥ ಕೆಲವು ಕೆಲಸಗಳಿಗೆ ಎಂಜಿನಿಯರಿಂಗ್ ಪದವಿಯನ್ನೇ ಕೇಳುತ್ತಾರೆ, ಅಲ್ಲಿ ಫಿಸಿಕ್ಸ್ ಡಿಗ್ರಿಗೆ ಪ್ರವೇಶವಿಲ್ಲ. ಇದು ಗೊತ್ತಿಲ್ಲದೆ "ಫಿಸಿಕ್ಸ್ ಓದಿ ಆಮೇಲೆ ಎಂಜಿನಿಯರ್ ಆಗ್ತೀನಿ" ಅನ್ನುವವರು ಬಹಳ. ನಿಮ್ಮ ದೇಶದ ನಿಯಮ ನೋಡಿಕೊಂಡೇ ಮುಂದೆ ಹೋಗಿ. ಎಂಜಿನಿಯರಿಂಗ್‌ನಲ್ಲಿ ಅರ್ಧ ಮನಸ್ಸಿನಿಂದ ಓದಿ ಸಾಧಾರಣ ಮಾರ್ಕ್ಸ್ ತೆಗೆಯುವವರು ಫಿಸಿಕ್ಸ್‌ನಲ್ಲಿ ಮನಸಿಟ್ಟು ಚೆನ್ನಾಗಿ ಮಾಡುವ ಹಾಗಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ.

## ಓದುತ್ತಿರುವವರ ಪ್ರಶ್ನೆಗಳು

ಕೋಡಿಂಗ್ ಕಲೀಲೇಬೇಕಾ? ನಂಗೆ ಥಿಯರಿ ಇಷ್ಟ.

ಕಲಿಯಲೇಬೇಕು. ಥಿಯರಿಯವರೂ ಪೆನ್ನು ಕಾಗದದಲ್ಲಿ ಮುಗಿಯದ್ದನ್ನು ಕಂಪ್ಯೂಟರಿಗೇ ಹಾಕುತ್ತಾರೆ. 2015ರಲ್ಲಿ ಹಿಗ್ಸ್ ಕಣದ ತೂಕ ಅಳೆದು ಸರ್ನ್‌ನ ಎರಡು ಪ್ರಯೋಗಗಳು ಸೇರಿ ಪ್ರಕಟಿಸಿದ ಪ್ರಬಂಧಕ್ಕೆ 5,000ಕ್ಕೂ ಹೆಚ್ಚು ಲೇಖಕರು. ಅಷ್ಟು ದೊಡ್ಡ ಪ್ರಯೋಗದಲ್ಲಿ ಎಷ್ಟೋ ಜನರ ದಿನದ ಕೆಲಸ ಡಿಟೆಕ್ಟರ್, ಎಲೆಕ್ಟ್ರಾನಿಕ್ಸ್ ಮತ್ತು ಕೋಡ್.

ಪೈಥಾನ್‌ನಿಂದ ಶುರು ಮಾಡಿ. ಕೋರ್ಸು, ಸರ್ಟಿಫಿಕೇಟು ಒಟ್ಟು ಹಾಕುತ್ತಾ ಕೂರಬೇಡಿ. ಲ್ಯಾಬಿನಲ್ಲಿ ಲೋಲಕದ ಪ್ರಯೋಗ ಮಾಡಿದಿರಾ, ಆ ಡೇಟಾವನ್ನು ಕೋಡ್ ಬರೆದು ಗ್ರಾಫ್ ಮಾಡಿ, ಎರರ್ ಬಾರ್ (ಅಳತೆ ಎಷ್ಟು ಆಚೀಚೆ ಇರಬಹುದು ಎಂದು ತೋರಿಸುವ ಗೆರೆ) ಹಾಕಿ, ಗೆರೆ ಯಾಕೆ ಸರಿಯಾಗಿ ಕೂರಲಿಲ್ಲ ಎಂದು ಹುಡುಕಿ. ಮೂರು ವರ್ಷದಲ್ಲಿ ಇಂಥ ಹತ್ತು ಪ್ರಾಜೆಕ್ಟ್ ಆದರೆ ಕೆಲಸದ ಸಂದರ್ಶನದಲ್ಲಿ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ನನ್ನ ಮೊದಲ ಸಂದರ್ಶನದಲ್ಲಿ ಕ್ವಾಂಟಮ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಗದ್ದಲ ತುಂಬಿದ ಒಂದು ಸಿಗ್ನಲ್ ಕೊಟ್ಟು "ಇದರಲ್ಲಿ ನಿಜವಾದ್ದು ಯಾವುದು, ಹೇಗೆ ಗೊತ್ತು?" ಎಂದು ಕೇಳಿದರು, ಅರ್ಧ ಗಂಟೆ ಅದೇ ಮಾತು.

ಮಾರ್ಕ್ಸ್ ಕಡಿಮೆ. ಎಲ್ಲಾ ಮುಗೀತಾ?

ಪಿಎಚ್‌ಡಿಗೆ ಕಷ್ಟವಾಗಬಹುದು. ಕೆಲಸಕ್ಕೆ, ಪಾಸಾಗಿದ್ದು ಕೈಯಲ್ಲಿ ಒಳ್ಳೆಯ ಪ್ರಾಜೆಕ್ಟ್ ಇದ್ದರೆ, ಎರಡನೇ ಕೆಲಸದ ಹೊತ್ತಿಗೆ ಯಾರೂ ಮಾರ್ಕ್ಸ್ ಕೇಳುವುದಿಲ್ಲ.

ಯಾವ ಶಾಖೆ ಆರಿಸಿದ್ರೆ ಕೆಲಸಕ್ಕೆ ಹತ್ತಿರ?

ಕೈಗೆ ಮಸಿ ಹತ್ತುವ ಶಾಖೆಗಳು ಹತ್ತಿರ. ಸೆಮಿಕಂಡಕ್ಟರ್ ಮತ್ತು ಘನವಸ್ತುಗಳ ಫಿಸಿಕ್ಸ್, ಆಪ್ಟಿಕ್ಸ್, ಲೇಸರ್ ಇವು ಮುಂದಿನ ಸಾಲು. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಇವತ್ತಿನ ಚಿಪ್‌ಗಳಿಗೆ ಮೂಲವಾದ ಟ್ರಾನ್ಸಿಸ್ಟರ್ ಮಾಡಿದ ಬಾರ್ಡೀನ್, ಬ್ರಾಟೇನ್, ಶಾಕ್ಲಿ ಮೂವರೂ ಫಿಸಿಕ್ಸ್‌ನವರು. ಇವತ್ತಿನ ಅತಿ ಸಣ್ಣ ಚಿಪ್‌ಗಳನ್ನು ಅಚ್ಚು ಹಾಕುವ ಯಂತ್ರವನ್ನೇ ನೋಡಿ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ ಸುಮಾರು 50,000 ಸಲ ಲೇಸರ್ ಹೊಡೆದು 13.5 ನ್ಯಾನೋಮೀಟರ್ ಅಲೆಯುದ್ದದ ಬೆಳಕು ತೆಗೆಯುತ್ತಾರೆ. ಪ್ಲಾಸ್ಮಾ, ಆಪ್ಟಿಕ್ಸ್, ನಿರ್ವಾತ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ನನಗಂತೂ ಇದನ್ನು ಓದಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ.

ಮೆಡಿಕಲ್ ಫಿಸಿಕ್ಸ್ ಇನ್ನೊಂದು. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣ ಎಷ್ಟು, ಎಲ್ಲಿ, ಯಂತ್ರ ಹೇಳಿದಷ್ಟೇ ಕೊಡುತ್ತಿದೆಯಾ ಎಂದು ಲೆಕ್ಕ ಹಾಕಿ ಪರೀಕ್ಷಿಸುವವರು ಇವರು. ಹೆಸರಿನಲ್ಲೇ ಫಿಸಿಕ್ಸ್ ಇರುವ ಅಪರೂಪದ ಕೆಲಸ. ಆದರೆ ಡಿಗ್ರಿಯ ಮೇಲೆ ಪ್ರತ್ಯೇಕ ಓದು, ಆಸ್ಪತ್ರೆಯಲ್ಲಿ ತರಬೇತಿ, ಹಲವು ದೇಶಗಳಲ್ಲಿ ಪರೀಕ್ಷೆ ಕೂಡ ಬೇಕು, ಆ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಿ.

ಖಗೋಳ ಮತ್ತು ಕಣ ಭೌತಶಾಸ್ತ್ರದವರಿಗೆ ನೇರ ಕೆಲಸ ಕಡಿಮೆ, ಡೇಟಾ ಕೆಲಸಕ್ಕೆ ಸೇತುವೆ ಚೆನ್ನಾಗಿದೆ. ಬರೀ ಥಿಯರಿ, ಅದರಲ್ಲೂ ಕೋಡ್ ಮುಟ್ಟದ ಥಿಯರಿ, ಎಲ್ಲಕ್ಕಿಂತ ದೂರ. ಇಷ್ಟವಿದ್ದರೆ ಮಾಡಿ, ದೂರ ಅಂತ ಗೊತ್ತಿದ್ದು ಮಾಡಿ.

## ಪಿಎಚ್‌ಡಿ, ಅದರಾಚೆ

ಪಿಎಚ್‌ಡಿಗೆ ಅವರೇ ದುಡ್ಡು ಕೊಡ್ತಾರಂತೆ. ಹಾಗಾದ್ರೆ ಖರ್ಚೇ ಇಲ್ವಲ್ಲ?

ಸ್ಟೈಪೆಂಡ್ ಬರುತ್ತದೆ, ಬಹಳ ಕಡೆ ಫೀಸೂ ಇರುವುದಿಲ್ಲ, ಅದು ನಿಜ. ಸ್ಟೈಪೆಂಡ್ ಇಲ್ಲದ ಫಿಸಿಕ್ಸ್ ಪಿಎಚ್‌ಡಿಗೆ ಯಾವ ಕಾರಣಕ್ಕೂ ಸೇರಬೇಡಿ. ಆದರೆ ಖರ್ಚಿಲ್ಲ ಅನ್ನುವುದು ಸುಳ್ಳು. ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಹೋದರೆ 140, ಸ್ಟೈಪೆಂಡ್ 60 ಅಂದುಕೊಂಡರೆ ವರ್ಷಕ್ಕೆ 80 ಕೈಬಿಟ್ಟ ಹಾಗೆ. ಐದು ವರ್ಷಕ್ಕೆ 400. ಕೆಲಸಕ್ಕೆ ಹೋದ ಗೆಳೆಯನ ಸಂಬಳ ಅಷ್ಟರಲ್ಲಿ ಏರಿರುತ್ತದೆ, ಅದು ಬೇರೆ. ಯುರೋಪಿನಲ್ಲಿ ಎಂ.ಎಸ್ಸಿ. ನಂತರ ಮೂರ್ನಾಲ್ಕು ವರ್ಷದಲ್ಲಿ ಮುಗಿಯುವುದು ಸಾಮಾನ್ಯ. ಅಮೆರಿಕದಲ್ಲಿ ಡಿಗ್ರಿಯಿಂದ ನೇರ ಸೇರುತ್ತಾರೆ, ಐದಾರು ವರ್ಷ ಹಿಡಿಯುತ್ತದೆ.

ಸಂಬಳದ ಆಸೆಗೆ ಪಿಎಚ್‌ಡಿ ಮಾಡುವುದು ಬಹುಪಾಲು ನಷ್ಟದ ವ್ಯಾಪಾರ. ಪಿಎಚ್‌ಡಿ ಇಲ್ಲದೆ ಒಳಗೇ ಬಿಡದ ಸಂಶೋಧನಾ ಕೆಲಸವೇ ಬೇಕೆಂದರೆ ಮಾತು ಬೇರೆ. ಇನ್ನೊಂದು, ಗೈಡ್ ಯಾರು ಅನ್ನುವುದು ವಿಷಯ ಯಾವುದು ಅನ್ನುವುದಕ್ಕಿಂತ ಮುಖ್ಯ. ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ "ಎಷ್ಟು ವರ್ಷ ಹಿಡೀತು, ಈಗ ಎಲ್ಲಿದ್ದೀರಿ?" ಎಂದು ಕೇಳಿ. ನಾನು ಕೇಳಲಿಲ್ಲ.

ಪ್ರೊಫೆಸರ್ ಆಗೋ ಚಾನ್ಸ್ ನಿಜವಾಗ್ಲೂ ಎಷ್ಟು?

ಬೆರಳೆಣಿಕೆಯ ಲೆಕ್ಕ ಸಾಕು. ಒಬ್ಬ ಪ್ರೊಫೆಸರ್ ಮೂವತ್ತು ವರ್ಷದಲ್ಲಿ ಹತ್ತು ಹನ್ನೆರಡು ಜನಕ್ಕೆ ಪಿಎಚ್‌ಡಿ ಮಾಡಿಸುತ್ತಾರೆ ಅಂದುಕೊಳ್ಳಿ. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಕುರ್ಚಿಗಳ ಸಂಖ್ಯೆ ಬೆಳೆಯದಿದ್ದರೆ ಆ ಹನ್ನೆರಡರಲ್ಲಿ ಒಬ್ಬರಿಗೆ ಜಾಗ. ಉಳಿದವರು ದಡ್ಡರು ಅಂತ ಅಲ್ಲ, ಕುರ್ಚಿಯೇ ಇಲ್ಲ. ಮಧ್ಯೆ ಪೋಸ್ಟ್‌ಡಾಕ್ ಅನ್ನುವ ಎರಡು ಮೂರು ವರ್ಷದ ತಾತ್ಕಾಲಿಕ ಕೆಲಸಗಳು, ಒಂದು ಮುಗಿದರೆ ಇನ್ನೊಂದು ಊರು. ಮನೆ ಸಂಸಾರ ಕಟ್ಟುವ ವಯಸ್ಸಿನಲ್ಲಿ ಪೆಟ್ಟಿಗೆ ಕಟ್ಟುತ್ತಿರುತ್ತೀರಿ.

ಕೈಮೀರಿದ ಅಪಾಯಗಳೂ ಇವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್ ಎಂಬ, ಕಣಗಳನ್ನು ಡಿಕ್ಕಿ ಹೊಡೆಸುವ ಬೃಹತ್ ಯಂತ್ರ ಕಟ್ಟುತ್ತಿದ್ದರು. ಸುಮಾರು 200 ಕೋಟಿ ಡಾಲರ್ ಸುರಿದು, 20 ಕಿಲೋಮೀಟರಿಗೂ ಜಾಸ್ತಿ ಸುರಂಗ ತೋಡಿದ ಮೇಲೆ 1993ರಲ್ಲಿ ಅಲ್ಲಿನ ಸಂಸತ್ತು ಯೋಜನೆಯನ್ನೇ ರದ್ದು ಮಾಡಿತು. ಅದನ್ನೇ ನಂಬಿದ್ದ ಎಷ್ಟೋ ಫಿಸಿಸಿಸ್ಟ್‌ಗಳು ಬೇರೆ ದಾರಿ ಹಿಡಿದರು, ಕೆಲವರು ಷೇರು ಪೇಟೆಗೇ ಹೋದರು. ಹಾಗಾಗಿ ಪ್ರೊಫೆಸರ್ ಕನಸು ಇಟ್ಟುಕೊಂಡವರು ಜೊತೆಗೆ ಇನ್ನೊಂದು ಕಸುಬನ್ನೂ ಕೈಯಲ್ಲಿ ಇಟ್ಟುಕೊಂಡಿರಿ.

ಅರ್ಧಕ್ಕೇ ಬಿಟ್ಟರೆ ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮವಾ?

ಕಳೆದ ವರ್ಷಗಳು ಬಿಟ್ಟರೂ ಬರುವುದಿಲ್ಲ, ಮುಂದುವರಿಸಿದರೂ ಬರುವುದಿಲ್ಲ. ಅದನ್ನು ಲೆಕ್ಕದಿಂದ ತೆಗೆದುಬಿಡಿ. ಇನ್ನು ಎಷ್ಟು ವರ್ಷ ಬೇಕು, ಮುಗಿಸಿದರೆ ಏನು ಸಿಗುತ್ತದೆ, ಇಷ್ಟನ್ನೇ ಕೇಳಿ. ಆರು ತಿಂಗಳು ಬಾಕಿ ಇದ್ದರೆ ಹಲ್ಲು ಕಚ್ಚಿ ಮುಗಿಸಿ. ಮೂರು ವರ್ಷ ಬಾಕಿ, ಗೈಡ್ ಜೊತೆ ಮಾತೂ ಇಲ್ಲ ಅನ್ನುವ ಸ್ಥಿತಿಯಾದರೆ ಹೊರಡಿ. ನಾನು ಬಿಟ್ಟ ಮೊದಲ ವರ್ಷ ಯಾರಾದರೂ "ಏನ್ ಮಾಡ್ತಿದೀಯ" ಅಂದರೆ ಮುಖ ತಿರುಗಿಸುತ್ತಿದ್ದೆ. ಈಗ ಕೆಲಸದಲ್ಲಿ ದಿನಾ ಬಳಸುವ ಅರ್ಧ ವಿದ್ಯೆ ಆ ಬಿಟ್ಟ ಮೂರು ವರ್ಷದ್ದೇ.

ಬಿಟ್ಟದ್ದನ್ನು ಆಮೇಲೆ ಮುಗಿಸಿದವರೂ ಇದ್ದಾರೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯನ್ ಮೇ 1970ರ ದಶಕದಲ್ಲಿ ಸೌರಮಂಡಲದ ಧೂಳಿನ ಮೇಲೆ ಮಾಡುತ್ತಿದ್ದ ಪಿಎಚ್‌ಡಿಯನ್ನು ಬಿಟ್ಟು ಸಂಗೀತಕ್ಕೆ ಹೋದರು, 2007ರಲ್ಲಿ ಅದೇ ಇಂಪೀರಿಯಲ್ ಕಾಲೇಜಿನಲ್ಲಿ ಮುಗಿಸಿದರು. ಅವರಿಗೆ ಮಧ್ಯದಲ್ಲಿ ಸಂಬಳದ ಚಿಂತೆ ಇರಲಿಲ್ಲ ಅನ್ನಿ.

ಬ್ಯಾಂಕು, ಷೇರು ಪೇಟೆಯವರು ಫಿಸಿಕ್ಸ್‌ನವರನ್ನ ಯಾಕೆ ತಗೋತಾರೆ?

ಗಣಿತ ಒಂದೇ ಆಗಿರುವುದರಿಂದ. 1900ರಲ್ಲಿ ಲೂಯಿ ಬಾಷೆಲಿಯೆ ಪ್ಯಾರಿಸ್‌ನಲ್ಲಿ ಷೇರು ಪೇಟೆಯ ಬೆಲೆಗಳ ಅಡ್ಡಾದಿಡ್ಡಿ ಓಟದ ಮೇಲೆ ಪ್ರಬಂಧ ಬರೆದರು. 1905ರಲ್ಲಿ ಐನ್‌ಸ್ಟೈನ್ ನೀರಿನಲ್ಲಿ ತೇಲುವ ಕಣಗಳ ಓಟಕ್ಕೆ ಬರೆದ ಗಣಿತ ಹೆಚ್ಚು ಕಡಿಮೆ ಅದೇ. ಆಪ್ಷನ್‌ಗಳ (ಷೇರನ್ನು ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ) ಬೆಲೆ ಕಟ್ಟಲು 1973ರಲ್ಲಿ ಬಂದ ಬ್ಲ್ಯಾಕ್-ಶೋಲ್ಸ್ ಸಮೀಕರಣದ ವೇಷ ಸ್ವಲ್ಪ ಬದಲಿಸಿದರೆ, ಕಬ್ಬಿಣದ ಸರಳಿನಲ್ಲಿ ಶಾಖ ಹರಡುವ ಸಮೀಕರಣ ಕೈಗೆ ಬರುತ್ತದೆ. ಫಿಶರ್ ಬ್ಲ್ಯಾಕ್ ಡಿಗ್ರಿಯಲ್ಲಿ ಓದಿದ್ದೂ ಫಿಸಿಕ್ಸ್.

ಸಂಬಳ ಚೆನ್ನಾಗಿದೆ, ಜಾಗ ಕಡಿಮೆ, ಪೈಪೋಟಿ ವಿಪರೀತ. ಈಗ ಇದಕ್ಕೆಂದೇ ಪ್ರತ್ಯೇಕ ಕೋರ್ಸು ಮಾಡಿದವರೂ ಸಾಲಿನಲ್ಲಿದ್ದಾರೆ, ಹಾಗಾಗಿ "ಫಿಸಿಕ್ಸ್ ಗೊತ್ತು" ಅಂದರೆ ಸಾಲದು, ಸಂಭವನೀಯತೆ, ಸಂಖ್ಯಾಶಾಸ್ತ್ರ ಮತ್ತು ವೇಗದ ಕೋಡ್ ಬೇಕು. ಗಣಿತ ಗೊತ್ತಿದ್ದರೆ ಪೇಟೆ ಗೊತ್ತು ಅಂತ ಆಗುವುದೂ ಇಲ್ಲ. ಆ ಸಮೀಕರಣದ ಶೋಲ್ಸ್ ಮತ್ತು ಅದನ್ನು ಬೆಳೆಸಿದ ಮರ್ಟನ್ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರಿಬ್ಬರೂ ಪಾಲುದಾರರಾಗಿದ್ದ ಫಂಡ್ ಮಾರನೇ ವರ್ಷವೇ ಮುಳುಗಿತು.

ಎಐ ಬಂದಮೇಲೆ ಈ ಓದೆಲ್ಲ ಬೇಕಾ?

2024ರ ಫಿಸಿಕ್ಸ್ ನೊಬೆಲ್ ಬಂದದ್ದೇ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ, ಇವತ್ತಿನ ಎಐಯ ಬೆನ್ನೆಲುಬಾದ ನ್ಯೂರಲ್ ನೆಟ್‌ವರ್ಕ್‌ಗಳ ತಳಹದಿ ಹಾಕಿದ್ದಕ್ಕೆ. ಹಿಂಟನ್ ಅವರ ಬೋಲ್ಟ್ಸ್‌ಮನ್ ಮಷೀನ್ ಹೆಸರಲ್ಲೇ ಹತ್ತೊಂಬತ್ತನೇ ಶತಮಾನದ ಫಿಸಿಸಿಸ್ಟ್ ಒಬ್ಬರಿದ್ದಾರೆ. ಅದಿರಲಿ, ನಿಮ್ಮ ಪ್ರಶ್ನೆ ಕೆಲಸದ್ದು. ಸಾಧಾರಣ ಕೋಡ್ ಬರೆಯುವುದು ಅಗ್ಗವಾಗಿದೆ, ಅದೊಂದನ್ನೇ ನಂಬಿಕೊಂಡವರಿಗೆ ಕಷ್ಟ. ಬಂದ ಉತ್ತರ ಹತ್ತು ಪಟ್ಟು ತಪ್ಪಾಗಿದೆ ಎಂದು ನೋಡಿದ ಕೂಡಲೇ ಮೂಗಿಗೆ ಬಡಿಯುವ ಅಭ್ಯಾಸ ಇನ್ನೂ ಅಗ್ಗವಾಗಿಲ್ಲ. ಆ ಅಭ್ಯಾಸ ಬರುವುದು ಸಾವಿರ ಲೆಕ್ಕ ಕೈಯಾರೆ ತಪ್ಪು ಮಾಡಿ. ಹೋಮ್‌ವರ್ಕನ್ನು ಎಐ ಕೈಲಿ ಮಾಡಿಸಿ ಡಿಗ್ರಿ ತೆಗೆದುಕೊಂಡರೆ ಫೀಸು ಕೊಟ್ಟು ಸರಕು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ.

ವಯಸ್ಸು 34. ಕೆಲಸ ಇದೆ. ಈಗ ಫಿಸಿಕ್ಸ್ ಓದೋದು ಹುಚ್ಚಾ?

ಸಂಬಳ ಹೆಚ್ಚಿಸಿಕೊಳ್ಳಲು ಅಂದರೆ ಹೌದು, ಸ್ವಲ್ಪ ಹುಚ್ಚೇ. ಬಿಡುವ ಸಂಬಳ ದೊಡ್ಡದು, ವಾಪಸು ಪಡೆಯಲು ಉಳಿದ ವರ್ಷ ಕಡಿಮೆ. ಇಷ್ಟಕ್ಕಾಗಿ ಅಂದರೆ ಕೆಲಸ ಬಿಡದೆ ಓದುವ ದಾರಿ ಹುಡುಕಿ, ದೂರಶಿಕ್ಷಣದಲ್ಲಿ ಫಿಸಿಕ್ಸ್ ಡಿಗ್ರಿ ಕೊಡುವ ವಿಶ್ವವಿದ್ಯಾಲಯಗಳಿವೆ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಅಂಥದ್ದೊಂದು. ಲ್ಯಾಬ್ ಹೇಗೆ ಮಾಡಿಸುತ್ತಾರೆ ಎಂದು ಮಾತ್ರ ವಿಚಾರಿಸಿ. ಫೀಸು ಕಟ್ಟುವ ಮೊದಲು ಮೂರು ತಿಂಗಳು, ದಿನಾ ಸಂಜೆ ಒಂದು ಗಂಟೆ, ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜೀಬ್ರಾ ಲೆಕ್ಕ ಮಾಡಿ. ಹೀಗೆ ಹೇಳಿದ ಮೇಲೆ ಕೆಲವರು ಮೂರನೇ ವಾರಕ್ಕೇ ಬಿಟ್ಟರು, ಒಂದು ಪೈಸೆ ಖರ್ಚಿಲ್ಲದೆ. ಒಬ್ಬರು ಮಾತ್ರ ನಾಲ್ಕನೇ ತಿಂಗಳಲ್ಲಿ ಮತ್ತೆ ಬರೆದಿದ್ದರು, ಲೀನಿಯರ್ ಆಲ್ಜೀಬ್ರಾದ ಐಗನ್‌ವ್ಯಾಲ್ಯೂ ಬಗ್ಗೆ ಒಂದು ಡೌಟ್ ಕೇಳಲು.